‘ಡೌನ್ ಪೇಮೆಂಟ್ ಇಲ್ಲದೆ ಲಾರಿ ಲೀಸ್‌ಗೆ’: ಓಡಿಸಿದವರೆಲ್ಲ ಮಾಲೀಕರಾಗುತ್ತಾರೆಯೇ?

‘ಎಷ್ಟು ದಿನ ಇನ್ನೊಬ್ಬರ ಲಾರಿ ಓಡಿಸ್ತೀರಿ? ಡೌನ್ ಪೇಮೆಂಟ್ ಇಲ್ಲದೆ ನೀವೇ ಮಾಲೀಕರಾಗಿ. ತಿಂಗಳಿಗೆ ಒಂದು ಲಕ್ಷ ಗ್ಯಾರಂಟಿ.’ ಲಾರಿಯ ಫೋಟೊ, ಕೆಳಗೊಂದು ಫೋನ್ ನಂಬರ್, ಕೊನೆಗೆ ‘ನಿಮ್ಮ ಡ್ರೈವರ್ ಗೆಳೆಯರಿಗೆ ಶೇರ್ ಮಾಡಿ’. ಈ ಧಾಟಿಯ ಸಂದೇಶ ನಿಮ್ಮ ಊರಿನ ಗುಂಪಿಗೂ ಬಂದಿರಬಹುದು.

ಹುಕ್ಕೇರಿ ತಾಲೂಕಿನ ಘೋಡಗೇರಿಯಂಥ ಊರಲ್ಲಿ ಈ ಮಾತು ಬೇಗ ಮನಸ್ಸಿಗೆ ಹಿಡಿಸುತ್ತದೆ. ಅತ್ತ ಗೋಕಾಕ, ಮೂಡಲಗಿಯ ಕಬ್ಬಿನ ಹೊಲಗಳು. ಇತ್ತ ಸಂಕೇಶ್ವರ, ಹತ್ತರಗಿ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿ. ಹತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ‘ನಂದೇ ಒಂದು ಗಾಡಿ’ ಎನ್ನುವ ಆಸೆ ಇರುವುದು ಸಹಜ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಸಂದೇಶದಲ್ಲಿರುವ ಮೂರು ಮಾತುಗಳನ್ನು, ಅಂದರೆ ‘ಲೀಸ್’, ‘ಮಾಲೀಕ’, ‘ಒಂದು ಲಕ್ಷ’ ಎಂಬುದನ್ನು, ಒಂದೊಂದಾಗಿ ಬಿಡಿಸಿ ನೋಡಬೇಕು.

‘ಲೀಸ್’ ಎಂದರೆ ಯಾವ ಲೀಸ್?

ನಮ್ಮಲ್ಲಿ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವ್ಯವಹಾರ ನಡೆಯುತ್ತವೆ.

ಮೊದಲನೆಯದು ಸಾಲ. ಲಾರಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಅಡಮಾನ ನಮೂದಾಗಿರುತ್ತದೆ. ಕಂತು ಮುಗಿದ ದಿನ ಗಾಡಿ ಪೂರ್ತಿ ನಿಮ್ಮದು. ಇದು ಲೀಸ್ ಅಲ್ಲ, ಆದರೂ ಜನ ಹಾಗೆ ಕರೆಯುವುದುಂಟು.

ಎರಡನೆಯದು ನಿಜವಾದ ಲೀಸ್. ಲಾರಿ ಕಂಪನಿಯದು, ನೀವು ಕಟ್ಟುವುದು ತಿಂಗಳ ಬಾಡಿಗೆ. ಅವಧಿ ಮುಗಿದ ಮೇಲೆ ಗಾಡಿ ವಾಪಸ್ ಕೊಡಬೇಕು. ಕೊನೆಯಲ್ಲಿ ನಿಗದಿತ ಬೆಲೆ ಕೊಟ್ಟು ಕೊಳ್ಳಬಹುದು ಎಂದು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದು ನಿಮ್ಮದಾಗುತ್ತದೆ.

ಮೂರನೆಯದು ಊರ ಕಡೆ ಹೆಚ್ಚು ನಡೆಯುವ ಬಾಂಡ್ ಪೇಪರ್ ವ್ಯವಹಾರ. ಬೇರೊಬ್ಬರು ಸಾಲ ಮಾಡಿ ತಂದ ಲಾರಿ, ಅವರಿಗೆ ಕಂತು ಕಟ್ಟಲಾಗುತ್ತಿಲ್ಲ. ‘ಉಳಿದ ಕಂತು ನೀನು ಕಟ್ಟು, ಮುಗಿದ ಮೇಲೆ ನಿನ್ನ ಹೆಸರಿಗೆ ಮಾಡಿಕೊಡ್ತೀನಿ’ ಎನ್ನುತ್ತಾರೆ. ಆರ್‌ಸಿ ಅವರ ಹೆಸರಿನಲ್ಲಿ, ಸಾಲ ಅವರ ಹೆಸರಿನಲ್ಲಿ, ಬೆವರು ಮಾತ್ರ ನಿಮ್ಮದು.

ನಾಲ್ಕನೆಯದು ಟ್ರಾನ್ಸ್‌ಪೋರ್ಟ್ ಕಂಪನಿಯೇ ಲಾರಿ ಕೊಟ್ಟು, ಲೋಡ್ ಕೂಡ ತಾನೇ ಕೊಟ್ಟು, ಬಾಡಿಗೆಯಲ್ಲಿ ಕಂತು ಮುರಿದುಕೊಂಡು ಉಳಿದದ್ದನ್ನು ಕೊಡುವ ಪದ್ಧತಿ. ಲೋಡ್ ಹುಡುಕುವ ತಾಪತ್ರಯ ಇಲ್ಲ ನಿಜ. ಆದರೆ ದರ ಹೇಳುವವರೂ ಅವರೇ, ಮುರಿದುಕೊಳ್ಳುವವರೂ ಅವರೇ.

ಸಂದೇಶ ಕಳಿಸಿದವರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ ಇದೇ ಆಗಿರಲಿ: ‘ಈ ನಾಲ್ಕರಲ್ಲಿ ನಿಮ್ಮದು ಯಾವುದು? ಆರ್‌ಸಿ ಯಾರ ಹೆಸರಿನಲ್ಲಿ ಇರುತ್ತದೆ?’ ನೇರ ಉತ್ತರ ಬರದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

‘ನೀವೇ ಮಾಲೀಕರು’: ಅರ್ಧ ನಿಜ

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ, ವಾಹನ ಲೀಸ್ ಅಥವಾ ಅಡಮಾನದ ಕರಾರಿನಲ್ಲಿ ಇದ್ದರೆ, ಆ ಕರಾರಿನಡಿ ಅದನ್ನು ತನ್ನ ವಶದಲ್ಲಿ ಇಟ್ಟುಕೊಂಡವನೇ ‘ಮಾಲೀಕ’. ಹಾಗಾಗಿ ‘ಲೀಸ್ ತಗೊಂಡರೆ ನೀವೇ ಮಾಲೀಕರು’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರ ಇದೆ. ಆದರೆ ಈ ಮಾಲೀಕತನ ಹೊಣೆಗೆ ಸಂಬಂಧಿಸಿದ್ದು, ಆಸ್ತಿಗೆ ಅಲ್ಲ. ವಿಮೆ ಇಲ್ಲದಾಗ ಅಪಘಾತವಾದರೆ ಪರಿಹಾರದ ಹೊಣೆ ನಿಮ್ಮ ಮೇಲೆ ಬರುತ್ತದೆ. ಲಾರಿ ಮಾರಿದರೆ ಬರುವ ಹಣ ಮಾತ್ರ ನಿಮ್ಮದಲ್ಲ.

ಬಾಂಡ್ ಪೇಪರ್ ವ್ಯವಹಾರದಲ್ಲಿ ಇಬ್ಬರಿಗೂ ಅಪಾಯ. ವಾಹನ ಮಾರಿ ಕೈಬಿಟ್ಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಕೊಟ್ಟವರು ‘ನಾನು ಯಾವಾಗಲೋ ಕೊಟ್ಟುಬಿಟ್ಟೆ’ ಎಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಇತ್ತ ಓಡಿಸುವವನ ಕಷ್ಟ ಬೇರೆ. ನೀವು ತಪ್ಪದೆ ಕೊಟ್ಟ ಕಂತಿನ ಹಣವನ್ನು ಅವರು ಫೈನಾನ್ಸಿಗೆ ಕಟ್ಟದೆ ಇದ್ದರೆ, ಲಾರಿ ಜಪ್ತಿಯಾಗುವುದು ನಿಮ್ಮ ಕೈಯಿಂದ. ಫೈನಾನ್ಸ್ ಕಂಪನಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ.

ಮನೆಯವರಿಗೆ ಗೊತ್ತಿರಲೇಬೇಕಾದ ಮಾತು

ಇದನ್ನು ಯಾವ ಸಂದೇಶವೂ ಹೇಳುವುದಿಲ್ಲ. ಸಂಬಳದ ಡ್ರೈವರ್ ಕೆಲಸದ ಮೇಲಿದ್ದಾಗ ಸತ್ತರೆ ಅಥವಾ ಅಂಗ ಊನವಾದರೆ, ಮಾಲೀಕ ಕೊಡಬೇಕಾದ ಕಾರ್ಮಿಕ ಪರಿಹಾರಕ್ಕೆ ಲಾರಿಯ ಕಡ್ಡಾಯ ವಿಮೆಯೇ ರಕ್ಷಣೆ ಕೊಡುತ್ತದೆ. ಮನೆಯವರಿಗೆ ಕೈ ಚಾಚಲು ಒಂದು ಜಾಗ ಇರುತ್ತದೆ. ನೀವೇ ‘ಮಾಲೀಕ’ ಆದಾಗ ನೀವು ಯಾರ ನೌಕರರೂ ಅಲ್ಲ, ಆ ಬಾಗಿಲು ಮುಚ್ಚಬಹುದು.

2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕರ್ನಾಟಕದ ಒಂದು ಪ್ರಕರಣ ನೋಡಿ. ಒಬ್ಬರು ಬೇರೆಯವರ ಬೈಕ್ ಕೇಳಿ ಪಡೆದು ಓಡಿಸುತ್ತಿದ್ದಾಗ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ವಾಹನ ಪಡೆದು ಓಡಿಸಿದವನು ಮಾಲೀಕನ ಜಾಗದಲ್ಲೇ ನಿಂತಂತೆ, ಆದ್ದರಿಂದ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೊಡುವ ಕಲಮಿನಡಿ ಅವನ ಮನೆಯವರು ಕೇಳುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದು ಬೈಕಿನ ಪ್ರಕರಣ. ಆದರೆ ಬೇರೆಯವರ ಹೆಸರಿನ ಗಾಡಿಯನ್ನು ತನ್ನದೆಂದು ಓಡಿಸುವ ಯಾರೇ ಆದರೂ ನೆನಪಿಡಬೇಕಾದದ್ದು.

ವಾಹನ ವಿಮೆಯ ಜೊತೆ ಬರುವ 15 ಲಕ್ಷ ರೂಪಾಯಿಯ ‘ಮಾಲೀಕ-ಚಾಲಕ’ ಅಪಘಾತ ವಿಮೆಯೂ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೆ. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ಅದನ್ನು ನಂಬಿ ಕೂರಬೇಡಿ. ನಿಮ್ಮದೇ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಬ್ಯಾಂಕ್ ಖಾತೆ ಇದ್ದವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಅದು ಸಾಲದು, ಆದರೆ ಅದೂ ಇಲ್ಲದೆ ಸ್ಟೇರಿಂಗ್ ಹಿಡಿಯುವುದು ಬೇಡ.

‘ತಿಂಗಳಿಗೆ ಒಂದು ಲಕ್ಷ’: ಲೆಕ್ಕ ಹಾಕಿ ನೋಡೋಣ

ಕೆಳಗಿನದು ಲೆಕ್ಕ ಹಾಕುವ ವಿಧಾನ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಗಾಡಿ, ನಿಮ್ಮ ದಾರಿಗೆ ತಕ್ಕಂತೆ ಬದಲಿಸಿಕೊಳ್ಳಿ. 10 ಚಕ್ರದ ಲಾರಿ, ತಿಂಗಳಿಗೆ 45,000 ರೂಪಾಯಿ ಲೀಸ್, ಲೋಡ್ ಇದ್ದಾಗ ಕಿಲೋಮೀಟರಿಗೆ 65 ರೂಪಾಯಿ ಬಾಡಿಗೆ, ಡೀಸೆಲ್ ಲೀಟರಿಗೆ 90 ರೂಪಾಯಿ, ಲೀಟರಿಗೆ 4 ಕಿ.ಮೀ. ಎಂದು ಹಿಡಿಯೋಣ.

ಸಾಧಾರಣ ತಿಂಗಳು: ಒಟ್ಟು 6,000 ಕಿ.ಮೀ. ಅದರಲ್ಲಿ ಲೋಡ್ ಮೇಲೆ 4,000, ಖಾಲಿ 2,000.

- ಬಾಡಿಗೆ: 2,60,000
- ಡೀಸೆಲ್ (1,500 ಲೀಟರ್): 1,35,000
- ಟೋಲ್: 20,000
- ಟೈರ್ ಸವೆತ: 15,000
- ಸರ್ವಿಸ್, ರಿಪೇರಿ: 12,000
- ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿಯ ತಿಂಗಳ ಪಾಲು: 10,000
- ಏಜೆಂಟ್ ಕಮಿಷನ್, ಹಮಾಲಿ, ದಾರಿ ಖರ್ಚು: 15,000
- ಉಳಿಕೆ: 53,000
- ಲೀಸ್ ಕಟ್ಟಿದ ಮೇಲೆ: 8,000

ಇದು ಲಾಭವಲ್ಲ, ತಿಂಗಳಿಡೀ ದುಡಿದ ನಿಮ್ಮ ಕೂಲಿ.

ಭರ್ತಿ ಸೀಸನ್ನಿನ ತಿಂಗಳು: 8,000 ಕಿ.ಮೀ., ಅದರಲ್ಲಿ 6,000 ಲೋಡ್ ಮೇಲೆ. ಬಾಡಿಗೆ 3,90,000. ಇದೇ ದರದಲ್ಲಿ ಖರ್ಚು ಕಳೆದರೆ ಉಳಿಯುವುದು 1,14,500. ಸಂದೇಶದಲ್ಲಿ ತೋರಿಸುವ ‘ಒಂದು ಲಕ್ಷ’ ಇದೇ. ವರ್ಷದ ಒಳ್ಳೆಯ ತಿಂಗಳಿನ, ಲೀಸ್ ಕಟ್ಟುವ ಮೊದಲಿನ ಅಂಕಿ. ಲೀಸ್ ಕಟ್ಟಿದರೆ 69,500.

ಬಡ ತಿಂಗಳು: 3,000 ಕಿ.ಮೀ., ಲೋಡ್ ಮೇಲೆ 2,000. ಬಾಡಿಗೆ 1,30,000. ಖರ್ಚು ಕಳೆದು 21,500. ಲೀಸ್ ಕಟ್ಟಲು ಕೈಯಿಂದ 23,500 ಹಾಕಬೇಕು.

ವರ್ಷದಲ್ಲಿ ಇಂಥ ನಾಲ್ಕು ನಾಲ್ಕು ತಿಂಗಳು ಬಂದವು ಎನ್ನಿ. ಒಟ್ಟು ಉಳಿಯುವುದು 2,16,000, ಅಂದರೆ ತಿಂಗಳಿಗೆ 18,000. ನೀವು ಈಗ ಪಡೆಯುವ ಸಂಬಳ ಮತ್ತು ಭತ್ಯೆಯನ್ನು ಇದರ ಪಕ್ಕ ಬರೆದು ನೋಡಿ. ಒಮ್ಮೆ ಗೇರ್‌ಬಾಕ್ಸ್ ಕೆಳಗಿಳಿದರೆ ಈ 18,000 ಕೂಡ ಇಲ್ಲ. ಲೀಸ್ ಶುದ್ಧ ಬಾಡಿಗೆಯದಾದರೆ ವರ್ಷದ ಕೊನೆಗೆ ಲಾರಿಯೂ ನಿಮ್ಮದಲ್ಲ.

ಖರ್ಚಿನ ಪಟ್ಟಿಯಲ್ಲಿ ಕೆಲವು ಅಂಕಿಗಳು ಕಾನೂನೇ ನಿಗದಿ ಮಾಡಿದಂಥವು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಜಾರಿಗೆ ತಂದ ದರದಂತೆ 20ರಿಂದ 40 ಟನ್ ಒಟ್ಟು ತೂಕದ ಸರಕು ಲಾರಿಗೆ ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ 43,950 ರೂಪಾಯಿ, ತೆರಿಗೆ ಬೇರೆ. ಇವು ಗಾಡಿ ನಿಂತರೂ ಬರುವ ಖರ್ಚು.

ಕಂತು ನಿಲ್ಲುವುದಿಲ್ಲ, ಕೆಲಸ ನಿಲ್ಲುತ್ತದೆ

ಘೋಡಗೇರಿ ಸುತ್ತಮುತ್ತ ಲಾರಿಗೆ ದೊಡ್ಡ ಕೆಲಸ ಕಬ್ಬು ಮತ್ತು ಸಕ್ಕರೆಯದು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ತಾಲೂಕಿನ ಘಟಪ್ರಭಾ ಸಹಕಾರಿ ಕಾರ್ಖಾನೆಗಳಿಂದ ಹಿಡಿದು ಖಾಸಗಿಯವರವರೆಗೆ ಕಾರ್ಖಾನೆಗಳು ಹತ್ತಿರ ಹತ್ತಿರ ಇವೆ. ಆದರೆ ಕಬ್ಬು ನುರಿಸುವ ಹಂಗಾಮು ಸುಮಾರಾಗಿ ನವೆಂಬರ್‌ನಿಂದ ಕೆಲವು ತಿಂಗಳು ಮಾತ್ರ. ಲೀಸ್ ಕಂತು ಹನ್ನೆರಡು ತಿಂಗಳದ್ದು.

ಹಂಗಾಮಿನಲ್ಲೂ ಭರವಸೆ ಇಲ್ಲ. 2025ರಲ್ಲಿ ಸೀಸನ್ ಶುರುವಾಗುವ ಹೊತ್ತಿಗೇ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರೈತರು ಧರಣಿ ಕೂತರು. ನವೆಂಬರ್ 7ರಂದು ಸರ್ಕಾರ 3,300 ಎಂದು ಘೋಷಿಸುವವರೆಗೆ ಹೋರಾಟ ನಡೆಯಿತು, ಅಂದು ಹತ್ತರಗಿ ಟೋಲ್ ಹತ್ತಿರ ಹೆದ್ದಾರಿಯೂ ಬಂದ್ ಆಗಿತ್ತು. ರೈತರ ಬೇಡಿಕೆ ನ್ಯಾಯದ್ದೇ ಇರಬಹುದು. ಆದರೆ ಕಬ್ಬನ್ನೇ ನಂಬಿದ ಲಾರಿಗೆ ಅಷ್ಟು ದಿನ ಬಾಡಿಗೆ ಇಲ್ಲ.

ಮಳೆಗಾಲದ್ದು ಇನ್ನೊಂದು ಕಥೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ತುಂಬಿ ಬಂದಾಗ ಗೋಕಾಕ ಹತ್ತಿರದ ಲೋಳಸೂರ ಸೇತುವೆ ಮುಳುಗಿ ರಸ್ತೆಯೇ ಬಂದ್ ಆಯಿತು.

ಡೀಸೆಲ್ ದರ ಹೇಗೆ ಹೊಡೆಯುತ್ತದೆ ನೋಡಿ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು. ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಾಯಿತು. ಅದೇ ತಿಂಗಳು ಲಾರಿ ಮಾಲೀಕರ ಸಂಘಟನೆ ರಾಜ್ಯದಾದ್ಯಂತ ಮುಷ್ಕರ ಹೂಡಿತು. ಎರಡೇ ರೂಪಾಯಿಗೆ ಯಾಕೆ ಇಷ್ಟು ಗಲಾಟೆ ಎಂದು ಅನಿಸಿದರೆ ಮೇಲಿನ ಲೆಕ್ಕಕ್ಕೆ ಹೋಗಿ. ತಿಂಗಳಿಗೆ 1,500 ಲೀಟರ್ ಎಂದರೆ 3,000 ರೂಪಾಯಿ. ಸಾಧಾರಣ ತಿಂಗಳಲ್ಲಿ ನಿಮಗೆ ಉಳಿಯುವುದೇ 8,000. ಬಾಡಿಗೆ ದರ ಮಾತ್ರ ಮರುದಿನವೇ ಏರುವುದಿಲ್ಲ.

ಇದು ನಿದ್ದೆಯ ಪ್ರಶ್ನೆಯೂ ಹೌದು

ನಮ್ಮ ಲೆಕ್ಕದಲ್ಲಿ, ಮೂರರಲ್ಲಿ ಎರಡು ಪಾಲು ದಾರಿ ಲೋಡ್ ಮೇಲೆ ಓಡಿದರೆ, ಓಡುವ ಖರ್ಚು ಕಳೆದು ಕಿಲೋಮೀಟರಿಗೆ ಸುಮಾರು ಹತ್ತೂವರೆ ರೂಪಾಯಿ ಉಳಿಯುತ್ತದೆ. ಲೀಸ್ ಮತ್ತು ವಿಮೆಯ 55,000 ತುಂಬಲಿಕ್ಕೇ 5,200 ಕಿ.ಮೀ.ಗಿಂತ ಹೆಚ್ಚು ಓಡಬೇಕು. ಮನೆಗೆ 25,000 ಕಳಿಸಬೇಕಾದರೆ ಸುಮಾರು 7,600 ಕಿ.ಮೀ. ಸರಾಸರಿ ಗಂಟೆಗೆ 40 ಕಿ.ಮೀ. ವೇಗ ಹಿಡಿದರೆ ಸ್ಟೇರಿಂಗ್ ಮೇಲೆಯೇ 190 ಗಂಟೆ. ಕಾರ್ಖಾನೆ ಯಾರ್ಡಿನ ಸರದಿ, ಲೋಡಿಂಗ್, ಅನ್‌ಲೋಡಿಂಗ್, ಪಂಕ್ಚರ್ ಇದರಲ್ಲಿ ಸೇರಿಲ್ಲ.

ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು 1961ರಲ್ಲೇ ಕಾನೂನು ತಂದಿತ್ತು. ನಿಮಗೆ ನೀವೇ ಧಣಿಯಾದಾಗ ಆ ಮಿತಿಯನ್ನು ಕೇಳುವವರು ಯಾರೂ ಇಲ್ಲ. ಕಂತಿನ ತಾರೀಕು ಹತ್ತಿರ ಬಂದಾಗ ರಾತ್ರಿ ಇನ್ನೊಂದು ಟ್ರಿಪ್ ಹೊಡೆಯುವ ಮನಸ್ಸಾಗುತ್ತದೆ.

ನಿದ್ದೆಗೆಟ್ಟವರ ಮೇಲೆ ನಡೆದ ಪ್ರಯೋಗಗಳು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿವೆ. ಸುಮಾರು 17 ಗಂಟೆ ನಿದ್ದೆಯಿಲ್ಲದೆ ಇದ್ದವನ ಗಮನ ಮತ್ತು ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನಲ್ಲಿ ವಾಹನ ಓಡಿಸುವವನಿಗೆ ಮಿತಿ 30 ಮಿಲಿಗ್ರಾಂ. ಬೆಳಗ್ಗೆ 5ಕ್ಕೆ ಎದ್ದು ರಾತ್ರಿ 10ರ ಮೇಲೂ ಓಡಿಸುವವನು, ಹನಿ ಕುಡಿಯದೆಯೇ ಕುಡಿದವನಂತೆ ಓಡಿಸುತ್ತಿರುತ್ತಾನೆ. ಚಹಾ, ತಂಬಾಕು, ಜೋರು ಹಾಡು ಸ್ವಲ್ಪ ಹೊತ್ತು ಎಬ್ಬಿಸಬಹುದು, ನಿದ್ದೆಯ ಸಾಲ ತೀರಿಸುವುದಿಲ್ಲ.

ಇನ್ನೊಂದು ಆಮಿಷ ಓವರ್‌ಲೋಡ್. 2018ರಲ್ಲಿ ಕೇಂದ್ರ ಸರ್ಕಾರವೇ 10 ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿದೆ. ನಿಮ್ಮ ಗಾಡಿಗೆ ಎಷ್ಟು ಎಂಬುದು ಆರ್‌ಸಿಯಲ್ಲೇ ಇರುತ್ತದೆ. ಅದನ್ನು ಮೀರಿದರೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ 2,000. ಐದು ಟನ್ ಹೆಚ್ಚಾದರೆ 30,000. ಸಾಧಾರಣ ತಿಂಗಳಿನ ನಿಮ್ಮ ಕೂಲಿಯ ಮೂರು ಪಟ್ಟಿಗಿಂತ ಹೆಚ್ಚು ಒಂದೇ ಟ್ರಿಪ್ಪಿಗೆ ಹೋಯಿತು.

ಅಮೆರಿಕದಲ್ಲೂ ಇದೇ ಕಥೆ

‘ವಿದೇಶದಲ್ಲಿ ಎಲ್ಲ ಡ್ರೈವರ್‌ಗಳೂ ಹೀಗೇ ಮಾಲೀಕರಾಗಿದ್ದಾರೆ’ ಎಂದೂ ಕೆಲವರು ಹೇಳುತ್ತಾರೆ. 2017ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಲಾಸ್ ಏಂಜಲೀಸ್ ಬಂದರಿನ ಡ್ರೈವರ್‌ಗಳ ಬಗ್ಗೆ ತನಿಖಾ ವರದಿ ಮಾಡಿತು. ಕಂಪನಿಯಿಂದಲೇ ಲೀಸ್‌ಗೆ ಟ್ರಕ್ ಪಡೆದ ಹಲವರು ವರ್ಷಗಟ್ಟಲೆ ಕಂತು ಕಟ್ಟಿ, ಕಾಯಿಲೆಯಿಂದಲೋ ಜಗಳದಿಂದಲೋ ಕೆಲಸ ತಪ್ಪಿದಾಗ ಟ್ರಕ್ಕನ್ನೂ ಕಟ್ಟಿದ ಹಣವನ್ನೂ ಕಳೆದುಕೊಂಡಿದ್ದರು. ಆಮೇಲೆ ಅಲ್ಲಿನ ಸರ್ಕಾರ ಟ್ರಕ್ ಲೀಸ್ ಬಗ್ಗೆ ಪರಿಶೀಲಿಸಲು ಕಾರ್ಯಪಡೆ ನೇಮಿಸಿತು. ಕಂಪನಿಯೇ ಟ್ರಕ್ ಕೊಟ್ಟು ದುಡಿಸಿಕೊಂಡು ‘ಕೊನೆಗೆ ನಿನ್ನದಾಗುತ್ತದೆ’ ಎನ್ನುವ ಕರಾರುಗಳನ್ನು ನಿಷೇಧಿಸಬೇಕು ಎಂದು ಅದು 2025ರ ಜನವರಿಯಲ್ಲಿ ಶಿಫಾರಸು ಮಾಡಿತು.

ಹಾಗಾದರೆ ಲೀಸ್ ತೆಗೆದುಕೊಳ್ಳಲೇಬಾರದೇ?

ಹಾಗೇನಿಲ್ಲ. ಕೆಲವರಿಗೆ ಲೀಸ್ ಒಪ್ಪುತ್ತದೆ. ಹೋಗುವಾಗಲೂ ಬರುವಾಗಲೂ ಲೋಡ್ ಕೊಡುವ ಗಿರಾಕಿ ನಿಮಗಿದ್ದು, ಅದು ಬರಹದಲ್ಲಿದ್ದರೆ ಒಳ್ಳೆಯದು. ಮೂರು ತಿಂಗಳ ಕಂತು ಕೈಯಲ್ಲಿ ಬೇರೆ ಇಟ್ಟಿರಬೇಕು. ಆ ಹಣ ಹೊಲ ಅಡ ಇಟ್ಟೋ ಮನೆಯ ಬಂಗಾರ ಇಟ್ಟೋ ತಂದದ್ದಾಗಿರಬಾರದು. ದೊಡ್ಡ ಸಾಲ ಮಾಡುವ ಮೊದಲು ಧಂಧೆ ತನಗೆ ಹೊಂದುತ್ತದೆಯೇ ಎಂದು ಒಂದು ಸೀಸನ್ ಮಟ್ಟಿಗೆ ಪರೀಕ್ಷಿಸಿ ನೋಡಲು, ಬೇಕಾದಾಗ ವಾಪಸ್ ಕೊಡಬಹುದಾದ ಲೀಸ್ ಸಾಲಕ್ಕಿಂತ ಸುರಕ್ಷಿತ.

ಬೇರೆ ದಾರಿಯೂ ಇದೆ. ಸಣ್ಣ ಸರಕು ವಾಹನಕ್ಕೆ ಮುದ್ರಾ ಸಾಲ ಸಿಗುತ್ತದೆ. ಪರಿಶಿಷ್ಟ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಸಮುದಾಯದವರಿಗೆ ರಾಜ್ಯದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ವಾಹನ ಕೊಳ್ಳಲು ಸಹಾಯಧನ ಇದೆ. ಗಾಡಿ ಚಿಕ್ಕದಾದರೂ ಆರ್‌ಸಿ ನಿಮ್ಮ ಹೆಸರಿನಲ್ಲಿ ಇರುತ್ತದೆ.

ಸಹಿ ಹಾಕುವ ಮೊದಲು

- ಎಂ-ಪರಿವಾಹನ್ ಆಪ್‌ನಲ್ಲಿ ಲಾರಿ ನಂಬರ್ ಹಾಕಿ ಎಫ್‌ಸಿ, ವಿಮೆ, ಫೈನಾನ್ಸ್ ವಿವರ ನೋಡಿ. ಬಾಕಿ ಇ-ಚಲನ್ ಇದೆಯೇ ಎಂದೂ ನೋಡಿ.
- ಲೀಸ್ ಆದರೆ ಅದನ್ನು ಆರ್‌ಸಿಯಲ್ಲಿ ನಮೂದು ಮಾಡಿಸಿ. ಆರ್‌ಟಿಒದಲ್ಲಿ ಅದಕ್ಕೆ ಫಾರಂ 34, ಸಾಲ ಅಥವಾ ಕರಾರು ಮುಗಿದ ಮೇಲೆ ತೆಗೆಸಲು ಫಾರಂ 35.
- ಬೇರೆಯವರ ಸಾಲದ ಗಾಡಿ ಆದರೆ ಫೈನಾನ್ಸ್ ಕಂಪನಿಯ ಕಚೇರಿಗೆ ಗಾಡಿ ಕೊಡುವವರ ಜೊತೆ ನೀವೇ ಹೋಗಿ. ಬಾಕಿ ಎಷ್ಟೆಂದು ಬರಹದಲ್ಲಿ ಪಡೆಯಿರಿ. ಕಂಪನಿಯ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ. ಕಂತು ನೇರ ಕಂಪನಿಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.
- ಇಂಜಿನ್ ಅಥವಾ ಗೇರ್‌ಬಾಕ್ಸ್ ಹೋದರೆ ಖರ್ಚು ಯಾರದು? ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಕಂತು ಯಾರದು? ನಡುವೆ ಬಿಟ್ಟರೆ ಠೇವಣಿ ವಾಪಸ್ ಬರುತ್ತದೆಯೇ? ಕೊನೆಗೆ ಕೊಳ್ಳುವ ಬೆಲೆ ಎಷ್ಟು? ಈ ನಾಲ್ಕೂ ಕರಾರಿನಲ್ಲಿ ಇರಬೇಕು.
- ಹೊರಗಿನ ಲೋಡ್ ಹಾಕಲು ಸ್ವಾತಂತ್ರ್ಯ ಇದೆಯೇ ಕೇಳಿ. ಇಲ್ಲದಿದ್ದರೆ ನೀವು ಮಾಲೀಕರಲ್ಲ, ಸಂಬಳವಿಲ್ಲದ ನೌಕರರು.
- ಕರಾರು ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಬಲ್ಲ ವಕೀಲರ ಬಳಿ ಒಯ್ಯಿರಿ. ಆ ಫೀಸು ಒಂದು ಟೈರಿಗಿಂತ ಕಡಿಮೆ.
- ಗಾಡಿ ನೋಡುವ ಮೊದಲೇ ‘ರಿಜಿಸ್ಟ್ರೇಷನ್ ಫೀ’ ಎಂದು ಫೋನ್‌ನಲ್ಲಿ ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ. ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ

‘ಡೌನ್ ಪೇಮೆಂಟ್ ಇಲ್ಲ’ ಎಂಬುದು ನಿಜ ಇರಬಹುದು. ‘ನೀವೇ ಮಾಲೀಕರು’ ಎಂಬುದು ಹೊಣೆಯ ಮಟ್ಟಿಗೆ ಮಾತ್ರ ನಿಜ. ‘ತಿಂಗಳಿಗೆ ಒಂದು ಲಕ್ಷ ಗ್ಯಾರಂಟಿ’ ಎಂಬುದು ದಾರಿ ತಪ್ಪಿಸುವ ಮಾತು.

ಕಬ್ಬಿನ ಸೀಸನ್ನಿನ ತಿಂಗಳು ನೋಡಿ ಯಾರೂ ಲಾರಿ ಹಿಡಿಯಬಾರದು. ಆಷಾಢದ ಮಳೆಯಲ್ಲಿ ಗಾಡಿ ಮನೆ ಮುಂದೆ ನಿಂತಾಗಲೂ ಕಂತು ಕಟ್ಟಿ, ಮನೆ ನಡೆಸಿ, ರಾತ್ರಿ ನಿದ್ದೆ ಮಾಡಲು ಆಗುತ್ತದೆಯೇ? ಆಗುತ್ತದೆ ಎಂದು ನಿಮ್ಮ ಲೆಕ್ಕವೇ ಹೇಳಿದರೆ ಮುಂದುವರಿಯಿರಿ. ಇಲ್ಲವೆಂದರೆ ಇನ್ನೊಂದು ವರ್ಷ ಸಂಬಳಕ್ಕೆ ಓಡಿಸಿ, ಹಣ ಕೂಡಿಡಿ. ಲಾರಿಗಳು ಎಲ್ಲಿಗೂ ಹೋಗುವುದಿಲ್ಲ.

ಆ ಸಂದೇಶ ಯಾವ ಗುಂಪಿನಲ್ಲಿ ಬಂತೋ ಅದೇ ಗುಂಪಿಗೆ ಈ ಲೆಕ್ಕವನ್ನೂ ಕಳಿಸಿ. ಅಲ್ಲೊಬ್ಬ ಡ್ರೈವರ್ ಈಗಾಗಲೇ ಬಾಂಡ್ ಪೇಪರ್ ಕೊಳ್ಳಲು ಹೊರಟಿರಬಹುದು.